ಕಬ್ಬಿನ ಸೀಮೆಯ ಕಾಕ್‌ಟೇಲ್

ಕಾಕ್‌ಟೇಲ್ ಎಂದರೆ ಮದ್ಯಕ್ಕೆ ಸಿಹಿ, ನೀರು ಮತ್ತು ಕಹಿ ಬೆರೆಸಿ ಹದ ಮಾಡಿದ ಪಾನೀಯ. 1806ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು, ಹಾಗೆಂದರೇನು ಎಂದು ಕೇಳಿದ ಓದುಗನಿಗೆ ಕೊಟ್ಟ ಉತ್ತರ ಇಷ್ಟೇ. ಮುಂದೆ ಹುಳಿ ಬಂತು, ಮಂಜುಗಡ್ಡೆ ಬಂತು, ಸೊಪ್ಪು, ಹಣ್ಣು, ಮೊಟ್ಟೆಯ ಬಿಳಿ ಲೋಳೆ ಎಲ್ಲ ಬಂದವು. ಮೂಲದ ಲೆಕ್ಕ ಮಾತ್ರ ಹಾಗೇ ಉಳಿಯಿತು. ಮದ್ಯದ ಉರಿಯನ್ನು ಸಿಹಿ ತಗ್ಗಿಸಬೇಕು, ಸಿಹಿಯ ಅಂಟನ್ನು ಹುಳಿ ಮುರಿಯಬೇಕು, ನೀರು ಎಲ್ಲವನ್ನೂ ಒಂದುಗೂಡಿಸಬೇಕು, ಕಹಿಯೋ ಮಸಾಲೆಯೋ ಕೊನೆಯಲ್ಲಿ ಒಂದಿಷ್ಟು ಘಮ ಉಳಿಸಬೇಕು. ರಾಮನವಮಿಗೆ ಪಾನಕ ಮಾಡಿ ಗೊತ್ತಿರುವ ಮನೆಗೆ ಈ ಲೆಕ್ಕದ ಮುಕ್ಕಾಲು ಪಾಲು ಮೊದಲೇ ತಿಳಿದಿರುತ್ತದೆ. ದೇವರ ಮುಂದಿಡುವ ಪಾನಕವನ್ನು ಮದ್ಯದ ಜೊತೆ ಸೇರಿಸುವ ಮಾತಲ್ಲ ಇದು. ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಮೆಣಸುಗಳನ್ನು ಎಷ್ಟೆಷ್ಟು ಹಾಕಿದರೆ ಒಂದನ್ನೊಂದು ಹೊಡೆಯದೆ ನಿಲ್ಲುತ್ತವೆ ಎಂಬ ನಾಲಿಗೆಯ ಅರಿವಿನ ಮಾತು. ಮಂಡ್ಯ, ಮದ್ದೂರು, ಮಳವಳ್ಳಿಯ ಅಡುಗೆಮನೆಗಳಲ್ಲಿ ಆ ಅರಿವೂ ಇದೆ, ಅದಕ್ಕೆ ಬೇಕಾದ ಸಾಮಾನೂ ಇದೆ. ಹಾಗಿದ್ದೂ ಮನೆಯಲ್ಲಿ ಕಾಕ್‌ಟೇಲ್ ಮಾಡಬೇಕೆಂದು ಹೊರಟವರು ಮೊದಲು ಹುಡುಕುವುದು ಹೊರದೇಶದ ದುಬಾರಿ ಸಿರಪ್ ಬಾಟಲಿಗಳನ್ನು. ಹುಡುಕಾಟ ಆಲೆಮನೆಯಿಂದಲೇ ಶುರುವಾಗಬೇಕು.

ಮದ್ಯವನ್ನು ಹೀಗೆ ಬೆರೆಸಿ ಕುಡಿಯುವ ಪದ್ಧತಿಗೂ ಈ ದೇಶಕ್ಕೂ ಇರುವ ನಂಟು ಅಮೆರಿಕದ ಕಾಕ್‌ಟೇಲಿಗಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ 1632ರಲ್ಲಿ ಬರೆದ ಕಾಗದದಲ್ಲಿ 'ಪಂಚ್' ಎಂಬ ಪಾನೀಯದ ಪ್ರಸ್ತಾಪವಿದೆ. ಸಾರಾಯಿ, ಸಕ್ಕರೆ, ನಿಂಬೆರಸ, ನೀರು, ಮಸಾಲೆ ಸೇರಿಸಿ ದೊಡ್ಡ ಬೋಗುಣಿಯಲ್ಲಿ ಕಲಸಿ ಎಲ್ಲರೂ ಹಂಚಿಕೊಂಡು ಕುಡಿಯುತ್ತಿದ್ದ ಪೇಯವದು. ಕಂಪನಿಯ ನಾವಿಕರ ಜೊತೆ ಇಂಗ್ಲೆಂಡಿಗೆ ಹೋಯಿತು, ಅಲ್ಲಿಂದ ಅಮೆರಿಕಕ್ಕೂ ದಾಟಿತು. 1862ರಲ್ಲಿ ಜೆರ್ರಿ ಥಾಮಸ್ ಎಂಬ ಅಮೆರಿಕದ ಬಾರ್‌ಟೆಂಡರ್ ಆ ದೇಶದ ಮೊದಲ ಪಾನೀಯ ಪಾಕಶಾಸ್ತ್ರವನ್ನು ಅಚ್ಚು ಹಾಕಿಸಿದಾಗ, ಪುಸ್ತಕದ ಮೊದಲ ಭಾಗವನ್ನೇ ಪಂಚ್‌ಗಳಿಗೆ ಬಿಟ್ಟುಕೊಟ್ಟ. ಇಂದು ಹುಳಿ ಬೆರೆಸಿದ ಕಾಕ್‌ಟೇಲ್ ಯಾವುದೇ ಇರಲಿ, ಬೋಗುಣಿಯ ಪಂಚನ್ನು ಒಂದು ಲೋಟದ ಅಳತೆಗೆ ಇಳಿಸಿದಂತೆಯೇ ಇರುತ್ತದೆ.

ಮಂಡ್ಯ ಕಬ್ಬಿನ ಸೀಮೆಯಾದದ್ದು ತೀರ ಈಚೆಗೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಬೆದ್ದಲು ನೆಲಕ್ಕೆ ನೀರು ತಂದಿತು. ಬಂದ ನೀರಿಗೆ ಬೆಳೆ ಬೇಕು, ಬೆಳೆದ ಕಬ್ಬಿಗೆ ಗಿರಣಿ ಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರ ಆಸಕ್ತಿಯಿಂದ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಜನ ಕರೆಯುವುದು ಮೈಷುಗರ್ ಎಂದು. ಮಂಡ್ಯ ಜಿಲ್ಲೆಯಾದದ್ದು ಅದಾದ ಮೇಲೆ, 1939ರಲ್ಲಿ. ಆಮೇಲೆ ಮದ್ದೂರು ತಾಲ್ಲೂಕಿನಲ್ಲೇ ಕೆ.ಎಂ. ದೊಡ್ಡಿಯಲ್ಲೊಂದು, ಕೊಪ್ಪದಲ್ಲೊಂದು ಸಕ್ಕರೆ ಕಾರ್ಖಾನೆ ಎದ್ದವು. ಮಂಡ್ಯದ ಪಕ್ಕದ ವಿ.ಸಿ. ಫಾರಂನಲ್ಲಿ ಈ ಮಣ್ಣಿಗೆ ಒಗ್ಗುವ ಕಬ್ಬಿನ ತಳಿಗಳ ಮೇಲೆ ಕೆಲಸ ಇವತ್ತಿಗೂ ನಡೆಯುತ್ತಿದೆ.

ಸಕ್ಕರೆ ಹರಳಾದ ಮೇಲೆ ಉಳಿಯುವ ಕಪ್ಪು ದ್ರವ ಕಾಕಂಬಿ. ಇನ್ನು ಹರಳಾಗಲೊಲ್ಲದ ಸಕ್ಕರೆ ಅದರಲ್ಲಿ ಅರ್ಧದಷ್ಟು ಇರುತ್ತದೆ. ಅದಕ್ಕೆ ನೀರು ಸೇರಿಸಿ ತೆಳ್ಳಗೆ ಮಾಡಿ ಯೀಸ್ಟ್ ಹಾಕಿದರೆ, ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಹುದುಗಿದ ಆ ದ್ರವವನ್ನು ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಇಟ್ಟು ಹಳೆಯದು ಮಾಡಿದರೆ ರಮ್. ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿ ಡಿಸ್ಟಿಲರಿ ಇರುವುದು ಈ ಕಾರಣಕ್ಕೇ. ರಮ್ ಒಂದೇ ಅಲ್ಲ, ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ವಿಸ್ಕಿ, ಬ್ರಾಂಡಿ, ಜಿನ್‌ಗಳಲ್ಲಿ ಬಹಳಷ್ಟು ಕಾಕಂಬಿಯ ಸ್ಪಿರಿಟ್ಟಿನ ಮೇಲೇ ನಿಂತಿವೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ 42.8 ಎಂದು ಬರೆದಿರುತ್ತದೆ. ನೂರು ಮಿಲಿಲೀಟರಿನಲ್ಲಿ ಅಷ್ಟು ಪಾಲು ಶುದ್ಧ ಆಲ್ಕೋಹಾಲ್ ಎಂದು ಅದರ ಅರ್ಥ. ಕಾಕ್‌ಟೇಲ್ ಮಾಡುವವರು ಬ್ರ್ಯಾಂಡಿಗಿಂತ ಮೊದಲು ಓದಬೇಕಾದ್ದು ಈ ಅಂಕಿಯನ್ನು.

ಬೆಲ್ಲದಿಂದಲೂ ರಮ್ ಆಗುತ್ತದೆ. ಕಾಕಂಬಿಯಲ್ಲಿ ಸಕ್ಕರೆ ತೆಗೆದು ಉಳಿದದ್ದಷ್ಟೇ ಇರುತ್ತದೆ. ಬೆಲ್ಲದಲ್ಲಿ ಕಬ್ಬಿನ ಹಾಲಿನ ಇಡೀ ಸತ್ವ ಉಳಿದಿರುತ್ತದೆ. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯವರು ವೆಸ್ಟ್ ಇಂಡೀಸಿನ ರಮ್ಮಿಗೆ ಭಾರತದ ಬೆಲ್ಲದ ರಮ್ ಬೆರೆಸಿ 'ಟೂ ಇಂಡೀಸ್' ಎಂಬುದನ್ನು ತಂದರು. ಆಮೇಲೆ ಬರೀ ಬೆಲ್ಲದ ರಮ್ಮನ್ನೇ ಬಾಟಲಿಗೆ ತುಂಬಿ ಅದಕ್ಕೆ 'ಬೆಲ್ಲ' ಎಂದೇ ಹೆಸರಿಟ್ಟರು. ಬ್ರೆಜಿಲಿನಲ್ಲಿ ಹಸಿ ಕಬ್ಬಿನ ಹಾಲನ್ನೇ ಹುದುಗಿಸಿ ಕಶಾಸ ಮಾಡುತ್ತಾರೆ, ಮಾರ್ಟಿನಿಕ್ ದ್ವೀಪದಲ್ಲೂ ಕಬ್ಬಿನ ಹಾಲಿನ ರಮ್ಮೇ ಹೆಸರುವಾಸಿ. ಇಷ್ಟೊಂದು ಕಬ್ಬು ಬೆಳೆಯುವ ಸೀಮೆಗೆ ಅಂಥ ಹೆಸರಿನದೊಂದು ರಮ್ ಇರಬೇಕಿತ್ತು ಎಂದು ಅನಿಸುವುದು ಸಹಜ.

ಮನೆಯಲ್ಲಿ ಭಟ್ಟಿ ಇಳಿಸುವ ವಿಚಾರ ಮಾತ್ರ ಬೇಡವೇ ಬೇಡ. ಕರ್ನಾಟಕದ ಅಬಕಾರಿ ಕಾಯ್ದೆಯಲ್ಲಿ ಅದು ಅಪರಾಧ, ಅದಕ್ಕಿಂತ ಮುಖ್ಯವಾಗಿ ಪ್ರಾಣದ ಪ್ರಶ್ನೆ. 1981ರಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಪ್ಯಾಕೆಟ್ ಸಾರಾಯಿ ಎಷ್ಟು ಮನೆಗಳನ್ನು ಹಾಳು ಮಾಡಿತು ಎಂಬುದನ್ನು ಈ ಸೀಮೆಯ ಹೆಂಗಸರು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಬಲ್ಲರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಈಗ ಕೊಳ್ಳಬೇಕಾದ್ದು ಅಬಕಾರಿ ಚೀಟಿ ಅಂಟಿಸಿದ ಬಾಟಲಿಯನ್ನು, ಪರವಾನಗಿ ಇರುವ ವೈನ್‌ಶಾಪಿನಿಂದಲೋ ಎಂಎಸ್‌ಐಎಲ್ ಮಳಿಗೆಯಿಂದಲೋ. 'ಸೆಕೆಂಡ್ಸ್' ಎಂದು ಕಡಿಮೆ ಬೆಲೆಗೆ ಕೈಗೆ ಕೊಡುವ ಮಾಲನ್ನು ಮುಟ್ಟಬಾರದು.

ಇನ್ನು ಸಾಮಾನಿನ ಮಾತು. ಮೊದಲನೆಯದು ಸಿಹಿ. ತಣ್ಣನೆಯ ಮದ್ಯದಲ್ಲಿ ಸಕ್ಕರೆ ಕರಗದೆ ತಳಕ್ಕೆ ಕೂರುತ್ತದೆ, ಆದ್ದರಿಂದ ಮೊದಲೇ ಪಾಕ ಮಾಡಿಟ್ಟುಕೊಳ್ಳಬೇಕು. ಸಕ್ಕರೆ ಮತ್ತು ನೀರು ಸಮ ತೂಕ, ಕರಗುವಷ್ಟು ಬಿಸಿ, ಇಷ್ಟೇ ಸಾದಾ ಪಾಕ. ಎಳೆ ಬರುವ ತನಕ ಕಾಯಿಸಿದರೆ ತಣಿದ ಮೇಲೆ ಗಟ್ಟಿಯಾಗಿ ಅಳತೆ ಕೆಡುತ್ತದೆ.

ಬೆಲ್ಲದ ಪಾಕಕ್ಕೆ ಇನ್ನಷ್ಟು ಗಮನ ಬೇಕು. ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಅಚ್ಚು, ಉಂಡೆ, ಮುದ್ದೆ ಎಂದು ಬಗೆಬಗೆಯ ಬೆಲ್ಲ ಬರುತ್ತದೆ. ಕಣ್ಣಿಗೆ ಚೆಂದ ಕಾಣುವ ಹಳದಿ ಬೆಲ್ಲಕ್ಕೆ ಬೆಲೆ ಹೆಚ್ಚು. ಆ ಬಣ್ಣ ಬರಲೆಂದು ಕೆಲವು ಆಲೆಮನೆಗಳಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಅಂಥ ಬೆಲ್ಲ ಕರಗಿಸಿದಾಗ ಗಂಧಕದ ವಾಸನೆ ಮೇಲೇಳುತ್ತದೆ, ಕಾಫಿಯಲ್ಲಿ ಮರೆಯಾದರೂ ಕಾಕ್‌ಟೇಲಿನಲ್ಲಿ ಎದ್ದು ಕಾಣುತ್ತದೆ. ಕಾಕ್‌ಟೇಲಿಗೆ ಬೇಕಾದ್ದು ಕಂದು ಬಣ್ಣದ, ಮುರಿದರೆ ಒಳಗೆ ಹರಳು ಹರಳಾಗಿ ಕಾಣುವ, ನಾಲಿಗೆಗೆ ತುಸು ಉಪ್ಪುಪ್ಪೆನಿಸುವ ಬೆಲ್ಲ. ಅದನ್ನು ಕುಟ್ಟಿ 200 ಗ್ರಾಂ ತೂಗಿ, 200 ಮಿಲಿ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕರಗಿಸಬೇಕು. ಅಂಚಿನಿಂದ ನೊರೆ ಕೂಡಿಕೊಂಡು ಬರುತ್ತದೆ, ಸೌಟಿನಿಂದ ತೆಗೆಯಬೇಕು. ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿದರೆ ಬಟ್ಟೆಯ ಮೇಲೆ ಕಬ್ಬಿನ ನಾರು, ಮಣ್ಣಿನ ಕಣ, ಒಮ್ಮೊಮ್ಮೆ ಕಪ್ಪಗೆ ಸುಟ್ಟ ಚೂರು ಉಳಿಯುತ್ತವೆ. ಕೆಳಗಿಳಿದ ಪಾಕ ಕಡು ಜೇನಿನ ಬಣ್ಣದ್ದು. ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಧಾರಾಳವಾಗಿ ಬಾಳುತ್ತದೆ. ಮೇಲೆ ಬಿಳಿ ಪೊರೆಯೋ ಗುಳ್ಳೆಯೋ ಕಂಡರೆ ಚೆಲ್ಲಬೇಕು. ಬೆಲ್ಲದಲ್ಲಿ ತೇವವೂ ಲವಣಗಳೂ ಇರುವುದರಿಂದ ಅದೇ ತೂಕದ ಸಕ್ಕರೆಯಷ್ಟು ಸಿಹಿ ಬರುವುದಿಲ್ಲ. ಸಕ್ಕರೆ ಪಾಕ 20 ಮಿಲಿ ಎಂದಿರುವ ಕಡೆ ಬೆಲ್ಲದ ಪಾಕ 25 ಮಿಲಿ ಹಾಕಿದರೆ ಸರಿಹೋಗುತ್ತದೆ.

ಹುಳಿಗೆ ಊರ ನಿಂಬೆಹಣ್ಣೇ ಸಾಕು. ತೆಳು ಸಿಪ್ಪೆಯ, ಒತ್ತಿದರೆ ಬಗ್ಗುವ ಹಣ್ಣು ಆರಿಸಿ, ಹಲಗೆಯ ಮೇಲೆ ಅಂಗೈಯಿಂದ ಉರುಳಿಸಿ ಕೊಯ್ದರೆ ರಸ ಚೆನ್ನಾಗಿ ಇಳಿಯುತ್ತದೆ. ಕಡೆಯ ತೊಟ್ಟಿನ ತನಕ ಹಿಂಡಿದರೆ ಸಿಪ್ಪೆಯ ಕಹಿ ಇಳಿದು ಇಡೀ ಲೋಟ ಕೆಡುತ್ತದೆ. ರಸವನ್ನು ಆಗಲೇ ಹಿಂಡಿ ಆಗಲೇ ಬಳಸಬೇಕು, ಬೆಳಿಗ್ಗೆ ಹಿಂಡಿಟ್ಟದ್ದು ಸಂಜೆಗೆ ಮಂಕಾಗಿರುತ್ತದೆ. ಬಾಟಲಿಯಲ್ಲಿ ಬರುವ ನಿಂಬೆರಸ ಕಾಕ್‌ಟೇಲಿಗೆ ಬಾರದು.

ಮಂಜುಗಡ್ಡೆಯನ್ನು ಸಾಮಾನೆಂದು ಎಣಿಸುವವರು ಕಡಿಮೆ, ಆದರೆ ಕುಲುಕಿದ ಕಾಕ್‌ಟೇಲಿನಲ್ಲಿ ಸಾಕಷ್ಟು ಪಾಲು ಅದರ ನೀರೇ. ಅದು ತಂಪು ಮಾಡುವುದರ ಜೊತೆಗೆ ಕರಗಿ ಮದ್ಯವನ್ನು ಹದಕ್ಕೆ ತರುತ್ತದೆ. ಫ್ರಿಜ್ಜಿನ ಪ್ಲಾಸ್ಟಿಕ್ ಟ್ರೇಯ ಸಣ್ಣ ತುಂಡುಗಳು ಬೇಗ ಕರಗಿ ಪಾನೀಯ ನೀರುನೀರಾಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ನೀರು ಗಟ್ಟಿ ಮಾಡಿ, ಕುಟ್ಟಾಣಿಯಿಂದ ಒಡೆದು ದೊಡ್ಡ ತುಂಡುಗಳನ್ನು ಬಳಸುವುದು ಮೇಲು. ಡಬ್ಬಿಗೆ ಮುಚ್ಚಳ ಇರಲೇಬೇಕು. ಮೀನು, ಮಾಂಸದ ಪಕ್ಕದಲ್ಲೋ, ನಾಳೆಗೆಂದು ಎತ್ತಿಟ್ಟ ಮಲ್ಲಿಗೆ ಮೊಗ್ಗಿನ ಪಕ್ಕದಲ್ಲೋ ತೆರೆದಿಟ್ಟ ಮಂಜುಗಡ್ಡೆ ಆ ವಾಸನೆಯನ್ನೆಲ್ಲ ಹೀರಿಕೊಂಡು ಲೋಟಕ್ಕೆ ತರುತ್ತದೆ.

ಕಹಿಯ ಪಾಲನ್ನು ತುಂಬುವುದು ಬಿಟರ್ಸ್. ಜರ್ಮನಿಯ ವೈದ್ಯ ಯೋಹಾನ್ ಸೀಗರ್ಟ್ 1824ರಲ್ಲಿ ವೆನೆಜುವೆಲಾದಲ್ಲಿ ಹೊಟ್ಟೆಯ ಔಷಧಿಯೆಂದು ಮಾಡಿದ ಅಂಗೋಸ್ಟುರಾ ಇದರಲ್ಲಿ ಹೆಸರಾದದ್ದು. ಅದರಲ್ಲಿ ಜೆನ್ಷಿಯನ್ ಎಂಬ ಗಿಡದ ಬೇರಿನ ಕಹಿ ಇದೆ. ಅದೇ ಸಸ್ಯ ಕುಟುಂಬದ ಕಿರಾತಕಡ್ಡಿ ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಸಿಗುತ್ತದೆ. 100 ಮಿಲಿ ವೋಡ್ಕಾದಲ್ಲಿ ಬೆರಳಿನ ಗಿಣ್ಣಿನಷ್ಟುದ್ದದ ಎರಡು ಕಡ್ಡಿ, ಒಣಗಿದ ಕಿತ್ತಳೆ ಸಿಪ್ಪೆ, ಒಂದು ಚೂರು ಚಕ್ಕೆ, ಎರಡು ಲವಂಗ, ಒಂದು ಏಲಕ್ಕಿ ಹಾಕಿ, ಗಾಜಿನ ಬಾಟಲಿಯಲ್ಲಿ ವಾರವೊಪ್ಪತ್ತು ಕತ್ತಲಲ್ಲಿಟ್ಟು ಸೋಸಿದರೆ ಮನೆಯದೇ ಬಿಟರ್ಸ್ ಸಿದ್ಧ. ಲೋಟಕ್ಕೆ ಎರಡು ಮೂರು ತೊಟ್ಟು, ಅದಕ್ಕಿಂತ ಹೆಚ್ಚು ಬೇಡ. ಔಷಧಿ ಎಂದು ಇದನ್ನು ಕುಡಿಯುವಂತಿಲ್ಲ. ಗುರುತು ಸರಿಯಾಗಿ ತಿಳಿಯದ ಬೇರು, ಸೊಪ್ಪುಗಳನ್ನು ಮದ್ಯದಲ್ಲಿ ನೆನೆಹಾಕಬಾರದು. ನೀರಿಗೆ ಬಿಡದ ವಿಷವೂ ಆಲ್ಕೋಹಾಲಿಗೆ ಬಿಡುತ್ತದೆ.

ಸಲಕರಣೆಗೆ ಹೆಚ್ಚು ಖರ್ಚಿಲ್ಲ. 30 ಮತ್ತು 60 ಮಿಲಿಯ ಪೆಗ್ ಅಳತೆ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. 5, 10 ಮಿಲಿಗೆ ಕೆಮ್ಮಿನ ಔಷಧಿಯ ಗೆರೆ ಹಾಕಿದ ಮುಚ್ಚಳವನ್ನು ತೊಳೆದು ಬಳಸಬಹುದು. ಕಣ್ಣಳತೆಯಲ್ಲಿ ಸುರಿಯುವುದು ಕೈ ಪಳಗಿದವರ ಲಕ್ಷಣ ಎಂಬ ನಂಬಿಕೆ ಇದೆ, ಆದರೆ ಒಳ್ಳೆಯ ಬಾರುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರೂ ಅಳೆದೇ ಸುರಿಯುತ್ತಾರೆ. ಐದು ಮಿಲಿ ನಿಂಬೆರಸ ಹೆಚ್ಚಾದರೆ ರುಚಿ ಕೆಡುತ್ತದೆ, ಮೂವತ್ತು ಮಿಲಿ ಮದ್ಯ ಹೆಚ್ಚಾದರೆ ಮನುಷ್ಯ ಕೆಡುತ್ತಾನೆ. ಶೇಕರ್ ಇಲ್ಲದಿದ್ದರೆ ತಿರುಪು ಮುಚ್ಚಳದ ಅಗಲ ಬಾಯಿಯ ಬಾಟಲಿ ಸಾಕು. ಸೋಸಲು ಟೀ ಜಾಲರಿ, ಶುಂಠಿ ಸೊಪ್ಪು ಜಜ್ಜಲು ಸಣ್ಣ ಒರಳು. ಕೆರಿಬಿಯನ್ ದ್ವೀಪಗಳಲ್ಲಿ ರಮ್ಮನ್ನೂ ಪುಡಿ ಮಂಜುಗಡ್ಡೆಯನ್ನೂ ಎರಡು ಅಂಗೈಗಳ ನಡುವೆ ಕವಲುಕಡ್ಡಿ ತಿರುಗಿಸಿ ಕಡೆಯುವ ಕ್ರಮವಿದೆ, ಸ್ವಿಜಲ್ ಎಂದು ಅದರ ಹೆಸರು. ಮಜ್ಜಿಗೆ ಕಡೆಯುವ ಮರದ ಸಣ್ಣ ಕಡೆಗೋಲಿನಲ್ಲಿ ಆ ಕೆಲಸ ಸೊಗಸಾಗಿ ಆಗುತ್ತದೆ.

ಯಾವುದನ್ನು ಕುಲುಕಬೇಕು, ಯಾವುದನ್ನು ಕಲಕಬೇಕು ಎಂಬುದಕ್ಕೆ ಒಂದು ನಿಯಮವಿದೆ. ಹಣ್ಣಿನ ರಸ, ಮೊಟ್ಟೆ, ಹಾಲು ಇದ್ದರೆ ಜೋರಾಗಿ ಕುಲುಕಬೇಕು. ಬಾಟಲಿಯ ಹೊರಮೈ ಮಂಜು ಕಟ್ಟಿ ಕೈ ಮರಗಟ್ಟುವ ತನಕ, ಎಂದರೆ ಹದಿನೈದು ಸೆಕೆಂಡಿನಷ್ಟು ಹೊತ್ತು. ಬರೀ ಮದ್ಯ, ಪಾಕ, ಬಿಟರ್ಸ್ ಇದ್ದರೆ ಚಮಚದಿಂದ ನಿಧಾನವಾಗಿ ಕಲಕಬೇಕು. ಕುಲುಕಿದರೆ ಗಾಳಿ ಸೇರಿ ಮಬ್ಬಾಗುತ್ತದೆ. ಸೋಡಾವನ್ನು ಎಂದೂ ಕುಲುಕುವಂತಿಲ್ಲ, ಕೊನೆಯಲ್ಲಿ ಮೇಲಿಂದ ಸುರಿಯಬೇಕು.

ಮೊದಲು ಕಲಿಯಬೇಕಾದ್ದು ಡೈಕಿರಿ. ಕ್ಯೂಬಾದ ಪೂರ್ವಭಾಗದಲ್ಲಿ ಡೈಕಿರಿ ಎಂಬ ಊರಿದೆ; ಅಲ್ಲಿನ ಕಬ್ಬಿಣದ ಗಣಿಯಲ್ಲಿದ್ದ ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕದ ಎಂಜಿನಿಯರ್ 1898ರ ಸುಮಾರಿಗೆ ಇದನ್ನು ಮಾಡಿದ ಎಂದು ಹೇಳುತ್ತಾರೆ. ಬಿಳಿ ರಮ್ 60 ಮಿಲಿ, ನಿಂಬೆರಸ 20, ಸಕ್ಕರೆ ಪಾಕ 20, ಮಂಜುಗಡ್ಡೆ ಹಾಕಿ ಕುಲುಕಿ ಸೋಸಿದರೆ ಮುಗಿಯಿತು. ಮೂರೇ ಸಾಮಾನು ಇರುವುದರಿಂದ ತಪ್ಪು ಅಡಗಿಕೊಳ್ಳಲು ಜಾಗವಿಲ್ಲ, ನಿಂಬೆ ಹಳತಾದರೆ ಕೂಡಲೇ ತಿಳಿಯುತ್ತದೆ. ಇದು ಕೈಗೆ ಬಂದರೆ ರಮ್ಮಿನ ಬದಲು ವಿಸ್ಕಿ ಹಾಕಿ ವಿಸ್ಕಿ ಸವರ್, ಜಿನ್ ಹಾಕಿ ಗಿಮ್ಲೆಟ್ಟಿನ ಒಂದು ಬಗೆ, ಪುದೀನ ಮತ್ತು ಸೋಡಾ ಸೇರಿಸಿ ಮೊಹಿಟೊ, ಎಲ್ಲವೂ ಬಂದಂತೆಯೇ. ಮೊಹಿಟೊಗೆ ಪುದೀನ ಸೊಪ್ಪನ್ನು ಅರೆಯಬಾರದು. ಅರೆದರೆ ಹಸಿರು ಒಗರು ಬಿಡುತ್ತದೆ. ಅಂಗೈಯಲ್ಲಿಟ್ಟು ಒಮ್ಮೆ ಚಪ್ಪಾಳೆ ತಟ್ಟಿ ಲೋಟಕ್ಕೆ ಹಾಕಿದರೆ ಘಮವಷ್ಟೇ ಬರುತ್ತದೆ.

ಓಲ್ಡ್ ಫ್ಯಾಷನ್ಡ್ ಎಂಬುದು 1806ರ ವಿವರಣೆಯನ್ನು ಅಕ್ಷರಶಃ ಪಾಲಿಸುವ ಪಾನೀಯ. ವಿಸ್ಕಿ 60 ಮಿಲಿ, ಪಾಕ 5ರಿಂದ 8 ಮಿಲಿ, ಬಿಟರ್ಸ್ ಎರಡು ತೊಟ್ಟು, ಒಂದು ದೊಡ್ಡ ಮಂಜುಗಡ್ಡೆ, ಮೇಲೆ ಹಿಂಡಿದ ಕಿತ್ತಳೆ ಸಿಪ್ಪೆಯ ಎಣ್ಣೆ. ಇದರಲ್ಲಿ ಸಕ್ಕರೆಗಿಂತ ಬೆಲ್ಲದ ಪಾಕವೇ ಮೇಲು, ವಿಸ್ಕಿಯ ಬದಲು ಹಳೆಯ ಡಾರ್ಕ್ ರಮ್ ಹಾಕಿದರಂತೂ ಬೆಲ್ಲ ತನ್ನ ಬಳಗವನ್ನು ಸೇರಿಕೊಂಡಂತೆ ಇರುತ್ತದೆ. 1954ರಲ್ಲಿ ಬಂದ ಓಲ್ಡ್ ಮಾಂಕ್ ಆಗಲಿ, ಬೆಂಗಳೂರಿನ ಖೋಡೇ ಅವರ ಹರ್ಕ್ಯುಲಿಸ್ ಆಗಲಿ ಇದಕ್ಕೆ ಸಾಲುತ್ತವೆ. ಜನವರಿಯ ಚಳಿಗೆ ಇದೇ ರಮ್ಮಿನ 45 ಮಿಲಿಗೆ 20 ಮಿಲಿ ಬೆಲ್ಲದ ಪಾಕ, ಜಜ್ಜಿದ ಶುಂಠಿ, ನಾಲ್ಕು ಕಾಳು ಮೆಣಸು, ಅರ್ಧ ನಿಂಬೆ, ಕುದಿಯುವ ನೀರು ಸೇರಿಸಿ ಬಿಸಿಯಾಗಿಯೂ ಕುಡಿಯಬಹುದು. ನೆಗಡಿಗೆ ಇದು ಮದ್ದು ಎಂಬುದು ಮಾತ್ರ ನಿಜವಲ್ಲ. ಹಿತ ಕೊಡುವುದು ಶುಂಠಿ ಮತ್ತು ಬಿಸಿನೀರು.

ಜಿನ್ ಅಂಡ್ ಟಾನಿಕ್‌ನ ಕಥೆ ಈ ಸೀಮೆಗೆ ಬೇರೆ ರೀತಿ ತಾಗುತ್ತದೆ. ಭಾರತದಲ್ಲಿದ್ದ ಬ್ರಿಟಿಷರು ಮಲೇರಿಯಾಕ್ಕೆ ಹೆದರಿ ಕ್ವಿನೈನ್ ಕುಡಿಯುತ್ತಿದ್ದರು. ಅದರ ಕಹಿ ತಡೆಯಲು ಸಕ್ಕರೆ, ಸೋಡಾ ಬೆರೆಸಿದರು, ಜಿನ್ ಆಮೇಲೆ ಜೊತೆಯಾಯಿತು. ನಾಲೆ ಬಂದ ಹೊಸತರಲ್ಲಿ ಮಂಡ್ಯದ ಸುತ್ತಣ ಹಳ್ಳಿಗಳಿಗೆ ನೀರಿನ ಜೊತೆ ಚಳಿಜ್ವರವೂ ಬಂತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದು ಸೊಳ್ಳೆಗಳ ಹಿಂದೆ ಬಿದ್ದಿತ್ತು. ಗದ್ದೆಯ ಜನ ಆ ಕಹಿ ಗುಳಿಗೆಯನ್ನು ಬರೀ ನೀರಿನಲ್ಲಿ ನುಂಗಿದರು. ಟಾನಿಕ್ಕಿನ ಸುಖ ಕಂಡವರು ಬೇರೆಯವರು. ಈಗಿನ ಟಾನಿಕ್ ನೀರಿನಲ್ಲಿ ಕ್ವಿನೈನ್ ರುಚಿಗೆ ಬೇಕಾದಷ್ಟು ಮಾತ್ರ ಇದೆ, ಜ್ವರ ತಡೆಯುವಷ್ಟಿಲ್ಲ. ಜಿನ್ 45 ಮಿಲಿಗೆ ಟಾನಿಕ್ 120, ಲೋಟದ ತುಂಬ ಮಂಜುಗಡ್ಡೆ, ಒಂದು ಹೋಳು ನಿಂಬೆ. ಹೆಚ್ಚು ಕಲಕಿದರೆ ಗುಳ್ಳೆ ಸಾಯುತ್ತದೆ.

ಈ ಹಳೆಯ ಅಚ್ಚುಗಳನ್ನು ಹಿಡಿದುಕೊಂಡೇ ಹೊಸದನ್ನು ಕಟ್ಟಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಚಮಚದ ತುದಿಯಲ್ಲಿ ರುಚಿ ನೋಡಿ, ಅಳತೆಯನ್ನು ಬರೆದಿಟ್ಟುಕೊಂಡರೆ ನಾಲ್ಕೈದು ಸಂಜೆಗಳಲ್ಲಿ ಒಂದು ಪಾನೀಯ ಹದಕ್ಕೆ ಬರುತ್ತದೆ. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಸುರಿದರೆ ಯಾವುದರ ರುಚಿಯೂ ಉಳಿಯದು.

ಮಂಡ್ಯದವರು ಡೈಕಿರಿಯ ಪಾಕವನ್ನು ತೆಗೆದು ಆ ಜಾಗದಲ್ಲಿ ಕಬ್ಬಿನ ಹಾಲು ಇಡಬಹುದು. ರಮ್ 45 ಮಿಲಿ, ಹೊಸದಾಗಿ ಹಿಂಡಿಸಿದ ಕಬ್ಬಿನ ಹಾಲು 90, ನಿಂಬೆರಸ 15, ಒಂದು ಬಿಲ್ಲೆ ಜಜ್ಜಿದ ಶುಂಠಿ, ಚಿಟಿಕೆ ಉಪ್ಪು. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದರ ಆಚೀಚೆ ಸಕ್ಕರೆ ಇರುವುದರಿಂದ ಬೇರೆ ಸಿಹಿ ಬೇಡ. ಗಾಣದಿಂದ ಬಂದ ಹಾಲು ಗಾಳಿ ತಾಗುತ್ತಲೇ ಕಪ್ಪಾಗತೊಡಗುತ್ತದೆ. ಗಾಣದವನ ಹತ್ತಿರ ಜಲ್ಲೆಯ ಜೊತೆಗೇ ನಿಂಬೆ, ಶುಂಠಿ ಇಟ್ಟು ಹಿಂಡಿಸಿದರೆ ಬಣ್ಣ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಂಜುಗಡ್ಡೆ ಹಾಕಿಸಬಾರದು, ಅದು ಮನೆಯದೇ ಇರಲಿ. ತಂದ ಅರ್ಧ ಗಂಟೆಯೊಳಗೆ ಬಳಸಿದರೆ ಹುಲ್ಲಿನಂಥ ಹಸಿ ಘಮ ಸಿಗುತ್ತದೆ. ಅದಕ್ಕಾಗಿಯೇ ಈ ಪಾನೀಯ.

ಮದ್ದೂರು ಎಳನೀರಿನ ಊರು. ಅಲ್ಲಿನ ಎಪಿಎಂಸಿ ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ಮುಂಬಯಿ, ದೆಹಲಿಗಳಿಗೆ ಹೋಗುತ್ತದೆ. ಎಳನೀರಿಗೂ ಜಿನ್ನಿಗೂ ಒಳ್ಳೆಯ ಹೊಂದಾಣಿಕೆ, ಬಹಾಮಾಸ್ ದ್ವೀಪದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡು ಮೇಲೆ ಮಂದ ಹಾಲನ್ನೂ ಸೇರಿಸುತ್ತಾರೆ. ಮದ್ದೂರಿನಲ್ಲಿ ಹಾಲು ಬೇಡ, ವೀಳ್ಯದೆಲೆ ಸಾಕು. ಒಂದು ಚಿಗುರೆಲೆಯನ್ನು ಹರಿದು ಲೋಟದ ತಳದಲ್ಲಿ ಮೆಲ್ಲಗೆ ಒತ್ತಿ, ಜಿನ್ 45 ಮಿಲಿ, ಎಳನೀರು 100, ನಿಂಬೆರಸ 10, ಸಕ್ಕರೆ ಪಾಕ 5 ಹಾಕಿ ಕಲಕಬೇಕು. ಎಳನೀರಿನ ಸಿಹಿ ನಯವಾದದ್ದು, ನೀರು ಬೆರೆತರೆ ಕಳೆದೇಹೋಗುತ್ತದೆ. ಆದ್ದರಿಂದ ಹಿಂದಿನ ದಿನವೇ ಒಂದಿಷ್ಟು ಎಳನೀರನ್ನು ಗಟ್ಟಿ ಮಾಡಿಟ್ಟು ಅದನ್ನೇ ಮಂಜುಗಡ್ಡೆಯಾಗಿ ಹಾಕುವುದು ಜಾಣತನ. ಗಂಜಿಯಂಥ ಎಳೆ ಕಾಯಿಯನ್ನು ಮೇಲೆ ಹಾಕಿಕೊಡಬಹುದು.

ಮಳವಳ್ಳಿಗೆ ಹುಣಸೆ. ನಾಲೆ ನೀರು ಮುಟ್ಟದ ಬೆದ್ದಲು ಹೊಲಗಳ ಬದುವಿನಲ್ಲಿ ಹುಣಸೆ ಮರಗಳು ನಿಂತಿರುತ್ತವೆ, ಹೊಸ ಹುಣಸೆ ಬರುವುದೂ ಬೇಸಿಗೆಯಲ್ಲೇ. ನಿಂಬೆಗಾತ್ರದ ಹುಣಸೆಹಣ್ಣನ್ನು 200 ಮಿಲಿ ಬೆಚ್ಚನೆಯ ನೀರಿನಲ್ಲಿ ನೆನೆಸಿ ಕಿವುಚಿ ಸೋಸಿದ ರಸ 30 ಮಿಲಿ, ಬೆಲ್ಲದ ಪಾಕ 25, ಡಾರ್ಕ್ ರಮ್ 60, ಹುರಿದ ಜೀರಿಗೆ ಪುಡಿ ಚಿಟಿಕೆ, ಕಲ್ಲುಪ್ಪು ಚಿಟಿಕೆ. ಕುಲುಕಿ, ದೊಡ್ಡ ಮಂಜುಗಡ್ಡೆಯ ಮೇಲೆ ಸುರಿಯಬೇಕು. ಹುಣಸೆಯ ಹುಳಿ ನಿಂಬೆಯ ಹಾಗೆ ಚುಚ್ಚುವುದಿಲ್ಲ, ನಾಲಿಗೆಯ ಹಿಂಬದಿಯಲ್ಲಿ ನಿಧಾನವಾಗಿ ಹರಡುತ್ತದೆ. ಬೆಲ್ಲ, ಜೀರಿಗೆ, ರಮ್ಮಿನ ಸುಟ್ಟ ಸಿಹಿ ಮೂರೂ ಅದರಲ್ಲಿ ಕೂಡಿಕೊಳ್ಳುತ್ತವೆ. ಮೂರು ಊರಿನ ಈ ಪಾನೀಯಗಳಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುವುದು ಇದೇ.

ಎಷ್ಟು ಕುಡಿಯಬೇಕೆಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. 42.8ರ ಬಲದ 60 ಮಿಲಿಯಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 20 ಗ್ರಾಂ. ಅದನ್ನು ಕರಗಿಸಲು ಆರೋಗ್ಯವಂತ ದೇಹಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ಸಿಹಿ ಹುಳಿಗಳು ಉರಿಯನ್ನು ಮುಚ್ಚುತ್ತವೆ, ಬಲವನ್ನು ಕಡಿಮೆ ಮಾಡುವುದಿಲ್ಲ. ಆದ್ದರಿಂದ ಒಂದು ಕಾಕ್‌ಟೇಲ್ ಒಂದು ಸಂಜೆಗೆ, ಹೆಚ್ಚೆಂದರೆ ಎರಡು. 'ಕ್ವಾರ್ಟರ್' ಎನ್ನುವ 180 ಮಿಲಿಯನ್ನು ಕೂತಲ್ಲೇ ಖಾಲಿ ಮಾಡುವ ಅಭ್ಯಾಸಕ್ಕೆ ಇಲ್ಲಿ ಜಾಗವಿಲ್ಲ, ಅದರಲ್ಲಿ ಮೂರು ಜನರ ಪಾಲಿದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ, ಒಂದು ಲೋಟವೇ ಆ ಗೆರೆ ದಾಟಿಸಬಲ್ಲದು. ಕುಡಿದವರು ಬೈಕಿನ ಕೀಲಿ ಮುಟ್ಟಬಾರದು. ಬಸುರಿಯರು, ಯಕೃತ್ತಿನ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೋ ನಿದ್ದೆಗೋ ಮಾತ್ರೆ ನುಂಗುವವರು ಮದ್ಯದಿಂದ ದೂರ ಇರಬೇಕು. ಬಿಟ್ಟವರನ್ನು ಒತ್ತಾಯ ಮಾಡುವುದು ದೊಡ್ಡ ಅನ್ಯಾಯ. ಅವರಿಗೆ ಇದೇ ಕಬ್ಬಿನ ಹಾಲು, ಎಳನೀರು, ಹುಣಸೆಯ ಪಾನಕವನ್ನು ಅದೇ ಬಗೆಯ ಲೋಟದಲ್ಲಿ ಕೊಡಬೇಕು. ಮದ್ಯ ತೆಗೆದ ಕಡೆ ಅಷ್ಟೇ ಅಳತೆಯ ಸೋಡಾ ಹಾಕಿ, ಸಿಹಿಯನ್ನು ಕಾಲು ಭಾಗ ಇಳಿಸಿದರೆ ಹದ ಕೂಡುತ್ತದೆ.

ಬರಿಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ರಕ್ತಕ್ಕೆ ಇಳಿಯುವುದರಿಂದ ನಂಜಿಕೊಳ್ಳಲು ಏನಾದರೂ ಇರಬೇಕು. ಬೇಯಿಸಿದ ಕಡಲೆಕಾಯಿ, ಕೋಸಂಬರಿ, ಮೊಟ್ಟೆ, ಹುರಿದ ಮಾಂಸ ಯಾವುದೂ ಆದೀತು. ಮದ್ದೂರಿನ ರೈಲು ನಿಲ್ದಾಣದಲ್ಲಿ ಹುಟ್ಟಿ ಹೆಸರಾದ ಮದ್ದೂರು ವಡೆ ನಿಂಬೆ ಹಾಕಿದ ಪಾನೀಯಗಳ ಜೊತೆ ಚೆನ್ನಾಗಿ ಹೋಗುತ್ತದೆ. ವಡೆಯ ಎಣ್ಣೆಯ ಜಿಡ್ಡನ್ನು ಹುಳಿ ತೊಳೆಯುತ್ತದೆ, ಕರಿದ ಈರುಳ್ಳಿಯ ಸಿಹಿ ರಮ್ಮಿನ ಸಿಹಿಗೆ ಹತ್ತಿರದ್ದು. ಹುಣಸೆಯ ಪಾನೀಯಕ್ಕೆ ಮಾತ್ರ ಖಾರ ಕಡಿಮೆ ಇರುವ ತಿನಿಸು ಆರಿಸಬೇಕು, ಖಾರ ಹೆಚ್ಚಾದರೆ ಜೀರಿಗೆಯ ಘಮ ಕಾಣದೆ ಹೋಗುತ್ತದೆ.